ಹನ್ನೊಂದು ಸಾವಿರ ರಿಗ್ರೆಟ್ಟುಗಳು

ಆ ಕಚೇರಿಯ ವಸತಿಗೃಹ ವಿಭಾಗದಲ್ಲಿ ಒಬ್ಬ ಗುಮಾಸ್ತರಿದ್ದರು. ತಂದೆತಾಯಿ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮಿಕ್ಕ ಎಲ್ಲ ಕಡೆ ಅವರು ‘ಡಿಕ್ಷನರಿ’. ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಪತ್ರ ಟೈಪ್ ಮಾಡಿಯೂ ಒಂದಕ್ಷರ ತಪ್ಪದವರೆಂಬ ಕೀರ್ತಿ ಅವರದು. ಯಾವ ಪದ ಕೇಳಿದರೂ ಕಣ್ಣು ಮುಚ್ಚಿಕೊಂಡು ಅಕ್ಷರಕ್ಕೆ ಅಕ್ಷರ ಒಪ್ಪಿಸುತ್ತಿದ್ದರು. ಅರ್ಥವನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಅಷ್ಟು ಅಕ್ಷರ ಬಲ್ಲವರಿಗೆ ಅರ್ಥ ಗೊತ್ತಿಲ್ಲದೆ ಇರುತ್ತದೆಯೇ ಎಂಬುದು ಸಾರ್ವಜನಿಕರ ನಂಬಿಕೆ. ಆ ನಂಬಿಕೆಗೆ ಧಕ್ಕೆ ತರಬಾರದೆಂಬುದು ಡಿಕ್ಷನರಿಯವರ ಸಂಕಲ್ಪ.

ನಿವೃತ್ತರಾದ ನೌಕರರು ಮೂವತ್ತು ದಿನದೊಳಗೆ ಕ್ವಾರ್ಟರ್ಸ್ ಖಾಲಿ ಮಾಡಬೇಕೆಂಬುದು ನಿಯಮ. ಇನ್ನೊಂದು ವರ್ಷ ಇರಲು ಬಿಡಿ ಎಂದು ಅರ್ಜಿ ಹಾಕಿಕೊಳ್ಳುವುದು ರೂಢಿ. ಬಿಡುವುದಿಲ್ಲ ಎಂದು ತಿಳಿಸುವುದು ಡಿಕ್ಷನರಿಯವರ ಉದ್ಯೋಗ. ಆ ಪತ್ರ ‘ವಿ ರಿಗ್ರೆಟ್’ ಎಂದೇ ಶುರುವಾಗಬೇಕು. ಅದು ಅವರಿಗೂ ಹಿಂದಿನವರ ಕಾಲದಿಂದ ಬಂದ ಕಟ್ಟಳೆ. ಈವರೆಗೆ ಸುಮಾರು ಹನ್ನೊಂದು ಸಾವಿರ ಸಲ ಆ ಪದವನ್ನು ಅವರು ಟೈಪ್ ಮಾಡಿದ್ದರು. ‘ನಾಳೆ ಬನ್ನಿ’ ಎಂಬುದಕ್ಕಿಂತ ಸ್ವಲ್ಪ ಗಟ್ಟಿಯಾದ ಮಾತು ಎಂದು ಅದರ ಬಗ್ಗೆ ಅವರ ಅಂದಾಜು.

ಈಗ ಅವರ ನಿವೃತ್ತಿಗೂ ನಾಲ್ಕೇ ತಿಂಗಳಿತ್ತು. ಅವರೂ ಅರ್ಜಿ ಹಾಕಿಕೊಂಡಿದ್ದರು. ಕಾರಣದ ಕಲಮಿನಲ್ಲಿ ‘ತಾಯಿ’ ಎಂದು ಬರೆದಿದ್ದರು.

ತಾಯಿಗೆ ಎಂಬತ್ತೇಳು. ಕಣ್ಣು ಕಾಣದೆ ಆರು ವರ್ಷ. ಬೆಳಕು ಬಂತು, ಹೋಯಿತು ಎಂಬಷ್ಟು ಮಾತ್ರ ತಿಳಿಯುತ್ತಿತ್ತು. ಆದರೂ ಆಕೆ ಆ ಮನೆಯಲ್ಲಿ ಯಾರ ಕೈಯನ್ನೂ ಹಿಡಿಯದೆ ಓಡಾಡುತ್ತಿದ್ದರು. ಮಂಚದಿಂದ ಬಚ್ಚಲಿಗೆ ಹನ್ನೆರಡು ಹೆಜ್ಜೆ. ಎಡಗೈ ಗೋಡೆಯ ಮೇಲೆ. ಮೊಳೆ ಕಿತ್ತ ಗುಂಡಿ ಸಿಕ್ಕರೆ ಅಡುಗೆಮನೆ ಬಂತು, ಸುಣ್ಣ ಎದ್ದ ಜಾಗ ಸಿಕ್ಕರೆ ಕಿಟಕಿ ಬಂತು. ಆ ಗೋಡೆಯೇ ಅವರ ಕಣ್ಣು. ‘ಬೇರೆ ಮನೆಗೆ ಕರ್ಕೊಂಡು ಹೋದ್ರೆ ಇವರು ಮಂಚದಿಂದ ಏಳೋದು ಕಷ್ಟ. ಎದ್ದ ದಿನ ಬೀಳ್ತಾರೆ’ ಎಂದು ಡಾಕ್ಟರು ಹೇಳಿದ್ದರು. ಹಾಗೆಂದು ಸರ್ಟಿಫಿಕೇಟ್ ಕೊಡಿ ಎಂದಾಗ ಮಾತ್ರ, ‘ಗೋಡೆಗೆ ನಾನು ಹೇಗೆ ಸರ್ಟಿಫಿಕೇಟ್ ಕೊಡಲಿ’ ಎಂದಿದ್ದರು.

ಹೀಗಿರುವಾಗ ಆಡಿಟ್‌ನವರು ಬಂದರು.

ಆಡಿಟ್‌ನವರು ಒಣಗಿದ ನುಗ್ಗೆಕಾಯಿಯಂಥ ಮನುಷ್ಯ. ಕಡತದಲ್ಲಿ ಇಲ್ಲದ್ದು ಪ್ರಪಂಚದಲ್ಲಿ ನಡೆದೇ ಇಲ್ಲ ಎಂಬುದು ಅವರ ಸಿದ್ಧಾಂತ. ತಮ್ಮ ಮದುವೆಯ ವಿಷಯದಲ್ಲೂ ಅವರು ಪ್ರಮಾಣಪತ್ರ ನೋಡಿಯೇ ಹೌದೆನ್ನುತ್ತಾರೆ ಎಂದು ಕಚೇರಿಯಲ್ಲಿ ಆಡಿಕೊಳ್ಳುತ್ತಿದ್ದರು. ಅವರು ಒಂದು ತಿರಸ್ಕಾರ ಪತ್ರವನ್ನು ಎತ್ತಿಕೊಂಡು ಸಾಹೇಬರ ಮುಂದೆ ಕೂತರು.

‘ಇಲ್ಲಿ, ಸ್ಥಳ ಪರಿಶೀಲಿಸಿದ್ದೇವೆ ಅಂದಿದೀರಿ. ಪರಿಶೀಲನಾ ವರದಿ ನಾಲ್ಕನೇ ಪುಟ. ಸರಿ. ದಾಖಲೆ ತಾಳೆ ನೋಡಿದ್ದೇವೆ ಅಂದಿದೀರಿ. ಆರನೇ ಪುಟ. ಸರಿ. ಇಲ್ಲಿ ರಿಗ್ರೆಟ್ ಮಾಡಿದ್ದೇವೆ ಅಂದಿದೀರಿ. ಎಲ್ಲಿದೆ?’

‘ಎಲ್ಲಿದೆ ಅಂದ್ರೆ?’ ಎಂದರು ಸಾಹೇಬರು.

‘ಯಾರು ಮಾಡಿದ್ರು, ಯಾವತ್ತು ಮಾಡಿದ್ರು, ಎಷ್ಟು ಹೊತ್ತು ಮಾಡಿದ್ರು. ಪುಟ ತೋರಿಸಿ.’

ಸಾಹೇಬರು ಹೊಸಬರು. ಬಂದ ಮೂರನೇ ವಾರಕ್ಕೇ ಆಕ್ಷೇಪಣೆ ಬೀಳುವುದು ಅವರಿಗೆ ಬೇಕಿರಲಿಲ್ಲ. ಅವರು ಬೆಲ್ ಒತ್ತಿ ಡಿಕ್ಷನರಿಯವರನ್ನು ಕರೆಸಿದರು. ‘ಈ ರಿಗ್ರೆಟ್ ಅಂದ್ರೆ ನಿಖರವಾಗಿ ಏನ್ರೀ? ಒಂದು ಟಿಪ್ಪಣಿ ಬರ್ಕೊಡಿ. ಸಾಯಂಕಾಲದೊಳಗೆ.’

‘ಅದೊಂದು ಮರ್ಯಾದೆಯ ಮಾತು ಸಾರ್, ಅದಕ್ಕೇನೂ ಅರ್ಥವಿಲ್ಲ’ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮೂವತ್ತನಾಲ್ಕು ವರ್ಷದಲ್ಲಿ ಅವರನ್ನು ಯಾರಾದರೂ ಅರ್ಥ ಕೇಳಿದ್ದು ಅದೇ ಮೊದಲು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದಕ್ಕೂ ಒಂದು ಮುಹೂರ್ತ ಇರುತ್ತದೆ. ಅವರು ನೆಟ್ಟಗೆ ಗ್ರಂಥಾಲಯಕ್ಕೆ ಹೋದರು. ಅಲ್ಲಿ ಕಿಟಕಿ ಬಡಿದುಕೊಳ್ಳದಂತೆ ಒತ್ತಿಟ್ಟಿದ್ದ ಒಂದು ಬೃಹತ್ ನಿಘಂಟನ್ನು ಬಿಡಿಸಿಕೊಂಡು, ಧೂಳು ಕೊಡವಿ, ಭೂತಗನ್ನಡಿ ಹಿಡಿದು ಕೂತರು. ಅವರ ಟಿಪ್ಪಣಿ ಹೀಗಿತ್ತು:

‘ಸದರಿ ಕ್ರಿಯಾಪದದಲ್ಲಿ ಆರು ಅಕ್ಷರಗಳಿವೆ. ಭೂತಕಾಲದಲ್ಲಿ ಟಿ ಅಕ್ಷರವು ಇಮ್ಮಡಿಯಾಗತಕ್ಕದ್ದು. ಸದರಿ ಪದವು ಹಳೆಯ ಫ್ರೆಂಚ್ ಭಾಷೆಯಿಂದ ಬಂದಿರುತ್ತದೆ. ಅಲ್ಲಿ ಅದರ ಅರ್ಥ, ಸತ್ತವರನ್ನು ನೆನೆದು ಗೋಳಾಡುವುದು. ಅದಕ್ಕೂ ಹಿಂದೆ, ಅಳುವುದು ಎಂಬ ಅರ್ಥದ ಇನ್ನೂ ಹಳೆಯ ಪದವೊಂದು ಇದರ ಮೂಲವಿರಬಹುದೆಂದು ವಿದ್ವಾಂಸರು ಸಂಶಯಪೂರ್ವಕವಾಗಿ ಅಭಿಪ್ರಾಯಪಟ್ಟಿರುತ್ತಾರೆ. ಮಾಹಿತಿಗಾಗಿ ಸಲ್ಲಿಸಿದೆ.’

ಆಡಿಟ್‌ನವರು ಟಿಪ್ಪಣಿಯನ್ನು ಎರಡು ಸಲ ಓದಿದರು. ಅವರ ಮುಖದಲ್ಲಿ ಹಬ್ಬದ ಕಳೆ ಬಂತು. ‘ನಿಮ್ಮ ಕಚೇರಿಯ ಟಿಪ್ಪಣಿಯ ಪ್ರಕಾರವೇ ಇದು ಅಳುವ ಕೆಲಸ. ಮೂವತ್ತನಾಲ್ಕು ವರ್ಷದಿಂದ, ಮಾಡದ ಕೆಲಸವನ್ನ ಮಾಡಿದ್ದೇವೆ ಅಂತ ಲಿಖಿತವಾಗಿ ತಿಳಿಸ್ತಾ ಬಂದಿದೀರಿ. ಹನ್ನೊಂದು ಸಾವಿರ ಸಲ.’

‘ಪದವನ್ನ ತೆಗೆದುಬಿಡೋಣ ಸಾರ್’ ಎಂದು ಡಿಕ್ಷನರಿಯವರು ತಡವಾಗಿ ಹೇಳಿದರು.

‘ನಮೂನೆ ಮೇಲಿನಿಂದ ಬಂದಿರೋದು. ಅದನ್ನ ತೆಗೆಯೋಕೆ ನೀವ್ಯಾರು, ನಾನ್ಯಾರು? ತೆಗೆಯೋಕಾಗದಿದ್ರೆ ಮಾಡಬೇಕು.’

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಂದಲೇ ಕಚೇರಿಗಳು ನಡೆಯುತ್ತವೆ. ಮಾರನೆಯ ಬೆಳಿಗ್ಗೆ ಸಾಹೇಬರ ಆದೇಶ ಹೊರಟಿತು. ಇನ್ನು ಮುಂದೆ ಪ್ರತಿಯೊಂದು ತಿರಸ್ಕಾರಕ್ಕೂ ಅರ್ಜಿದಾರರ ಮನೆಗೆ ಖುದ್ದು ಹೋಗಿ ವಿಷಾದಿಸತಕ್ಕದ್ದು. ಅವಧಿ ಐದು ನಿಮಿಷ. ಗುಮಾಸ್ತ ದರ್ಜೆಗೆ ಕಡಿಮೆಯಿಲ್ಲದವರು ವಿಷಾದಿಸಬೇಕು. ಕೆಳಗಿನ ದರ್ಜೆಯ ಒಬ್ಬರು ಸಾಕ್ಷಿಯಾಗಿರಬೇಕು. ನಮೂನೆಯಲ್ಲಿ ಶುರುವಾದ ಹೊತ್ತು, ಮುಗಿದ ಹೊತ್ತು, ಶಬ್ದಸಹಿತವೋ ರಹಿತವೋ, ಕಣ್ಣೀರು ಬಂದಿತೋ ಇಲ್ಲವೋ, ವಿಷಾದ ತಲುಪಿದ್ದಕ್ಕೆ ಮನೆಯವರ ರುಜು, ಇಷ್ಟೂ ಇರಬೇಕು. ವಿಷಯತಜ್ಞರಾದ್ದರಿಂದ ಈ ಕೆಲಸ ಡಿಕ್ಷನರಿಯವರಿಗೆ.

ಸಾಹೇಬರು ಅವರನ್ನು ಒಳಗೆ ಕರೆದು ಬಾಗಿಲು ಹಾಕಿದರು. ‘ನಿಮ್ಮ ತಾಯಿಯ ಅರ್ಜಿ ನೋಡಿದೆ. ಇದೊಂದನ್ನ ಚೆನ್ನಾಗಿ ನಿಭಾಯಿಸಿ. ಅದನ್ನ ನಾನು ಸಹಾನುಭೂತಿಯಿಂದ ನೋಡ್ತೀನಿ.’

ಆ ಮಾತು ಕೇಳಿದ ಮೇಲೆ ಡಿಕ್ಷನರಿಯವರು ಅಳಲು ಸಿದ್ಧರಾದರು.

ಸಾಕ್ಷಿಗೆ ಸಿಕ್ಕಿದವನು ಟಪಾಲಣ್ಣ. ಕಚೇರಿಯ ಟಪಾಲು ಹಂಚುತ್ತ ಹಂಚುತ್ತ ನೆತ್ತಿ ಬೋಳಾದ ಜವಾನ. ಯಾವುದಕ್ಕೂ ಆಶ್ಚರ್ಯಪಡದ ಪ್ರಾಣಿ. ಮೊದಲ ಭೇಟಿ ಬಾಯ್ಲರ್ ಮೇಸ್ತ್ರಿಯ ಮನೆಗೆ. ಡಿಕ್ಷನರಿಯವರು ತಮ್ಮ ಮದುವೆಯ ಕಪ್ಪು ಕೋಟನ್ನು ಹಾಕಿಕೊಂಡಿದ್ದರು. ಅದು ನುಸಿಗುಳಿಗೆಯ ವಾಸನೆ ಹೊಡೆಯುತ್ತ ಹೊಟ್ಟೆಯ ಹತ್ತಿರ ಗುಂಡಿ ಕಾಜದ ಮುಖ ನೋಡದಷ್ಟು ಬಿಗಿಯಾಗಿತ್ತು. ಮೇಸ್ತ್ರಿ ಕುರ್ಚಿ ಕೊಟ್ಟ. ಇವರು ಕೂತರು. ಟಪಾಲಣ್ಣ ಗಡಿಯಾರ ನೋಡಿ, ‘ಶುರು ಮಾಡಿ ಸಾರ್’ ಎಂದ.

ಡಿಕ್ಷನರಿಯವರು ಪತ್ರ ಓದಿ ಮುಗಿಸಿ, ಮುಖವನ್ನು ಹಿಂಡಿದರು. ಏನೂ ಬರಲಿಲ್ಲ. ಇನ್ನಷ್ಟು ಹಿಂಡಿದರು.

‘ಹೊಟ್ಟೆ ನೋವಾ?’ ಎಂದಳು ಮೇಸ್ತ್ರಿಯ ಹೆಂಡತಿ.

‘ಇಲ್ಲಮ್ಮ. ಆಫೀಸಿನ ಪರವಾಗಿ ನಾನು ದುಃಖಪಡ್ತಿದೀನಿ.’

‘ಮನೆ ಹೋಗ್ತಿರೋದು ನಂದು’ ಎಂದ ಮೇಸ್ತ್ರಿ. ‘ಮುಖ ಮಾತ್ರ ನಿಮ್ಮದು ಹೀಗಾಗಿದೆ. ಒಂದು ಲೋಟ ನೀರು ಕುಡಿದು ಮಲಕ್ಕೊಳ್ಳಿ ಸ್ವಲ್ಪ.’

ಕೊನೆಗೆ ಗಂಡ ಹೆಂಡತಿ ಇಬ್ಬರೂ ಸೇರಿ ಅವರನ್ನು ಸಮಾಧಾನಪಡಿಸಿ, ಬೆನ್ನು ಸವರಿ, ಬಾಗಿಲವರೆಗೆ ಬಿಟ್ಟುಬಂದರು. ಟಪಾಲಣ್ಣ ನಮೂನೆಯಲ್ಲಿ ನಿಷ್ಠೆಯಿಂದ ಬರೆದ: ‘ಕಣ್ಣೀರು ಬರಲಿಲ್ಲ. ಬೆವರು ಬಂತು.’ ನಮೂನೆ ಮರುದಿನವೇ ವಾಪಸು ಬಂತು. ಅಂಚಿನಲ್ಲಿ ಸಾಹೇಬರ ಕೆಂಪು ಶಾಯಿ: ‘ಕಣ್ಣೀರಿನ ಬದಲಿಗೆ ಬೆವರನ್ನು ಪರಿಗಣಿಸಲು ಅವಕಾಶವಿಲ್ಲ.’

ಅಭ್ಯಾಸ ಬೇಕೆಂದು ಡಿಕ್ಷನರಿಯವರಿಗೆ ಮನವರಿಕೆಯಾಯಿತು. ಭಾನುವಾರ ಬೆಳಿಗ್ಗೆ ಬಚ್ಚಲಿನ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು, ಮೊದಲು ಸಣ್ಣದಾಗಿ, ಆಮೇಲೆ ಧೈರ್ಯ ಬಂದು ದೊಡ್ಡದಾಗಿ ಗೋಳಾಡತೊಡಗಿದರು. ಬಚ್ಚಲಿನ ಗೋಡೆಗಳು ಯಾರ ದನಿಯನ್ನಾದರೂ ಎರಡು ಪಾಲು ಮಾಡಿ ಕೊಡುತ್ತವೆ. ಎರಡು ನಿಮಿಷವೂ ಆಗಿರಲಿಲ್ಲ, ಪಕ್ಕದ ಮನೆಯ ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಓಡಿಬಂದರು. ಅವರ ಹಿಂದೆ ನಾಲ್ಕು ಮನೆಯ ಹೆಂಗಸರು. ಅವರ ಹಿಂದೆ, ಎದುರು ಮನೆಯ ಸ್ಟೋರ್‌ಕೀಪರು, ಮೂಗಿನ ಮೇಲೆ ಕರವಸ್ತ್ರ.

‘ಹೋಗ್ಬಿಟ್ರಾ? ಎಷ್ಟು ಹೊತ್ತಿಗೆ ಹೋದ್ರು? ಕೊನೆಗೆ ಏನಾದ್ರೂ ಅಂದ್ರಾ?’ ಎನ್ನುತ್ತ ದೊಡ್ಡಮ್ಮ ನಡುಮನೆಗೆ ನುಗ್ಗಿದರೆ, ಡಿಕ್ಷನರಿಯವರ ತಾಯಿ ಮಂಚದ ಮೇಲೆ ನೆಟ್ಟಗೆ ಕೂತಿದ್ದರು.

‘ಯಾರು ಹೋದ್ರು?’ ಎಂದು ಅವರೂ ಆಸಕ್ತಿಯಿಂದ ಕೇಳಿದರು.

ಕಂಬನಿ ಸಿದ್ಧಮಾಡಿಕೊಂಡು ಬಂದವರಿಗೆ ಅದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಡಿಕ್ಷನರಿಯವರ ಹೆಂಡತಿ ಅಡುಗೆಮನೆಯಿಂದ ಬಂದು, ‘ಯಾರೂ ಹೋಗಿಲ್ಲ ದೊಡ್ಡಮ್ಮ. ಇವರು ಆಫೀಸಿನ ಕೆಲಸ ಮನೆಗೆ ತಂದಿದಾರೆ’ ಎಂದಳು.

‘ಏನು ಕೆಲಸವೋ ತಾಯಿ’ ಎಂದರು ದೊಡ್ಡಮ್ಮ. ‘ಮೊದಲೆಲ್ಲ ಕಾಗದ ತರ್ತಿದ್ರು, ಪೆನ್ಸಿಲ್ ತರ್ತಿದ್ರು.’ ಆಮೇಲೆ ತಾಯಿಯ ಕಡೆ ನೋಡಿ, ಬಂದದ್ದಕ್ಕಾದರೂ ಇರಲಿ ಎಂದು ಎರಡು ಹನಿ ಉದುರಿಸಿಯೇ ಹೋದರು.

ಬಚ್ಚಲಿನಿಂದ ಬಂದ ಮಗನನ್ನು ತಾಯಿ ಹತ್ತಿರ ಕರೆದರು. ‘ಏನಾಯ್ತೋ? ಅರ್ಜಿ ಏನಾದ್ರೂ…’

‘ಇಲ್ಲಮ್ಮ, ಅದು ಸಿಗತ್ತೆ. ಸಾಹೇಬರು ಬಾಯಿಬಿಟ್ಟು ಹೇಳಿದಾರೆ.’

‘ಸಿಗದಿದ್ರೆ ಬೇಜಾರು ಮಾಡ್ಕೋಬೇಡ.’

‘ಸಿಗತ್ತೆ ಅಂತ ಹೇಳಿದ್ನಲ್ಲ’ ಎಂದು ಡಿಕ್ಷನರಿಯವರು ಸ್ವಲ್ಪ ಜೋರಾಗಿಯೇ ಹೇಳಿದರು.

ಅಭ್ಯಾಸ ಮನುಷ್ಯನನ್ನು ಎಲ್ಲಿಗೆ ಬೇಕಾದರೂ ಒಯ್ಯುತ್ತದೆ. ತಿಂಗಳೊಪ್ಪತ್ತಿನಲ್ಲಿ ಅವರಿಗೆ ಕೆಲಸ ಕೈಗೆ ಹತ್ತಿತು. ಗಂಟಲಿನ ಕೆಳಗೆಲ್ಲೋ ಒಂದು ಹೊಸ ದನಿ ಸಿಕ್ಕಿತು: ಗವಿಯಿಂದ ಬಂದಂತೆ, ಒದ್ದೆ ಕಂಬಳಿ ಹೊದ್ದಂತೆ. ಬಾಗಿಲಲ್ಲಿ ನಿಂತು ‘ಆಫೀಸಿನಿಂದ ಬಂದಿದ್ದೇನೆ’ ಎಂದು ಆ ದನಿಯಲ್ಲಿ ಅಂದರೆ ಸಾಕು, ಮುಂದಿನದನ್ನು ಓದುವ ಅಗತ್ಯವೇ ಬೀಳುತ್ತಿರಲಿಲ್ಲ. ಮೂರನೇ ನಿಮಿಷಕ್ಕೆ ಸರಿಯಾಗಿ ಎಡಗಣ್ಣಿನಿಂದ ಒಂದು ಹನಿ, ನಾಲ್ಕಕ್ಕೆ ಬಲಗಣ್ಣು. ಐದಕ್ಕೆ ಟಪಾಲಣ್ಣ ಕೆಮ್ಮುತ್ತಿದ್ದ, ಇವರು ನಿಲ್ಲಿಸುತ್ತಿದ್ದರು, ಮನೆಯವರು ರುಜು ಹಾಕುತ್ತಿದ್ದರು. ಪತ್ರ ಬಂದಾಗ ಜಗಳ ಕಾಯುತ್ತಿದ್ದವರು, ಮೇಲಧಿಕಾರಿಗೆ ಬರೆಯುತ್ತಿದ್ದವರು, ಎದುರಿಗೊಬ್ಬ ವಯಸ್ಸಾದ ಮನುಷ್ಯ ಅಳುತ್ತ ಕೂತರೆ ಏನು ಮಾಡಿಯಾರು? ಮೂವತ್ತು ದಿನ ಹಟ ಹಿಡಿದು ಕೂರುತ್ತಿದ್ದವರು ನಾಲ್ಕೇ ದಿನಕ್ಕೆ ಬೀಗದ ಕೈ ತಂದೊಪ್ಪಿಸತೊಡಗಿದರು. ‘ಆಡಿಟ್ ಸುಮ್ಮನೆ ಹೇಳಲ್ಲ ನೋಡಿ’ ಎಂದು ಸಾಹೇಬರು ಬೀಗಿದರು. ಅವರಿಗೆ ಮೇಲಿನಿಂದ ಶಹಬ್ಬಾಸ್ ಪತ್ರ ಬಂತು.

ಕ್ವಾರ್ಟರ್ಸಿನ ಸಾಲುಗಳಲ್ಲಿ ಮಾತ್ರ ಬೇರೆ ಗಾಳಿ ಬೀಸಿತು. ಕಪ್ಪು ಕೋಟು ತಿರುವಿನಲ್ಲಿ ಕಂಡರೆ ಟಪಟಪನೆ ಬಾಗಿಲು ಮುಚ್ಚಿಕೊಳ್ಳುತ್ತಿದ್ದವು. ಕ್ಷೌರದವನು ಇವರ ಗಡ್ಡಕ್ಕೆ ನೊರೆ ಹಚ್ಚಿ, ಉಳಿದ ಗಿರಾಕಿಗಳು ಒಬ್ಬೊಬ್ಬರಾಗಿ ಎದ್ದುಹೋದುದನ್ನು ನೋಡಿ, ‘ಸ್ವಾಮೀ, ನಾಳೆಯಿಂದ ನಾನೇ ಮನೆಗೆ ಬರ್ತೀನಿ. ಹಿಂದಿನ ಬಾಗಿಲಿಂದ’ ಎಂದು ಕೈಮುಗಿದ. ಮದುವೆಗಳಿಗೆ ಕರೆ ಬರುವುದು ನಿಂತಿತು. ಹೆಂಡತಿ ಪಕ್ಕದ ಮನೆಗೆ ಜರಡಿ ಕೇಳಲು ಹೋದರೆ ದೊಡ್ಡಮ್ಮ ಜರಡಿಯನ್ನು ಕಿಟಕಿಯಿಂದ ಚಾಚಿ, ‘ಇಟ್ಕೊಂಡ್ಬಿಡಮ್ಮ, ವಾಪಸು ತರೋ ತೊಂದರೆ ಬೇಡ’ ಎಂದರು.

ಒಂದು ಸಂಜೆ ಡಿಕ್ಷನರಿಯವರು ಆಫೀಸಿನಿಂದ ಬಂದವರೇ, ಕೋಟು ತೆಗೆಯದೆ, ಎದುರು ಮನೆಯ ಸ್ಟೋರ್‌ಕೀಪರರ ಬಾಗಿಲು ತಟ್ಟಿದರು. ತಾಯಿಯ ಮಂಚದ ಮೇಲಿನ ಬಲ್ಬು ಹೋಗಿತ್ತು. ಏಣಿ ಬೇಕಿತ್ತು. ಸ್ಟೋರ್‌ಕೀಪರು ನಿವೃತ್ತರಾಗಿ ಮೂರು ವಾರ. ಅವರ ಅರ್ಜಿಯೂ ಕಚೇರಿಯಲ್ಲಿತ್ತು. ಬಾಗಿಲು ತೆರೆದು ಕೋಟನ್ನು ನೋಡಿದರು. ಅಲ್ಲೇ ಕುಸಿದು ಕೂತರು.

‘ನೀವೇ ಬಂದ್ರಾ’ ಎಂದರು. ‘ಎದುರು ಮನೆಯವರು ಅಂತಾನೂ ನೋಡ್ಲಿಲ್ವಾ?’

‘ಅಲ್ಲ, ನಾನು ಬಂದದ್ದು ಏಣಿಗೆ…’

‘ಗೊತ್ತು, ನೀವೇನು ಮಾಡೋಕಾಗತ್ತೆ. ನಿಮ್ಮ ಕೆಲಸ. ನನಗೋಸ್ಕರ ಅಳೋದು ಮಾತ್ರ ಬೇಡ ರಾಯರೇ. ಇಪ್ಪತ್ತು ವರ್ಷ ಒಟ್ಟಿಗೆ ಕಳೆದಿದೀವಿ, ನಿಮ್ಮನ್ನ ಹಾಗೆ ನೋಡೋಕಾಗಲ್ಲ.’

‘ಏಣಿ ಸ್ವಾಮಿ, ಏಣಿ’ ಎಂದರು ಡಿಕ್ಷನರಿಯವರು. ಆದರೆ ಗಾಬರಿಯಲ್ಲಿ ಬಾಯಿಗೆ ಬಂದದ್ದು ಅಭ್ಯಾಸದ ದನಿ. ಆ ಒದ್ದೆ ಕಂಬಳಿಯ ದನಿಯಲ್ಲಿ ಏಣಿ ಎಂದರೂ ಒಂದೇ, ಚಟ್ಟ ಎಂದರೂ ಒಂದೇ. ಸ್ಟೋರ್‌ಕೀಪರು ಏಣಿಯನ್ನು ಅಪ್ಪಿಕೊಂಡು ತಂದುಕೊಟ್ಟು, ‘ಇದನ್ನೂ ನೀವೇ ಇಟ್ಕೊಳ್ಳಿ, ಮಗಳ ಮನೇಲಿ ಜಾಗ ಇಲ್ಲ’ ಎಂದು ಬಾಗಿಲು ಹಾಕಿಕೊಂಡರು. ಆ ರಾತ್ರಿಯೇ ಗಂಟುಮೂಟೆ ಕಟ್ಟಿ, ಬೆಳಿಗ್ಗೆ ಡಿಕ್ಷನರಿಯವರು ಎದ್ದು ಕಚೇರಿಗೆ ಬರುವಷ್ಟರಲ್ಲಿ ಬೀಗದ ಕೈ ಒಪ್ಪಿಸಿ ಬಸ್ ಹತ್ತಿದ್ದರು.

ಸ್ಟೋರ್‌ಕೀಪರರ ಅರ್ಜಿ ಮಂಜೂರಾದ ಪತ್ರ ಅದೇ ಮಧ್ಯಾಹ್ನ ಹೊರಟಿತು. ಡಿಕ್ಷನರಿಯವರು ಸಾಹೇಬರ ಬಳಿ ಓಡಿದರು.

‘ಕೊಟ್ಟ ಬೀಗದ ಕೈ ವಾಪಸು ಕೊಡೋಕೆ ನಮೂನೆ ಎಲ್ಲಿದೆ?’ ಎಂದರು ಸಾಹೇಬರು.

‘ತಪ್ಪು ನಂದು ಸಾರ್. ನಾನು ಏಣಿ ಕೇಳೋಕೆ ಹೋಗಿದ್ದೆ.’

‘ಕೋಟು ಹಾಕ್ಕೊಂಡಾ?’

‘ಹೌದು ಸಾರ್.’

‘ಹಾಗಿದ್ರೆ ಅದು ಕರ್ತವ್ಯದ ಮೇಲೆ ಹೋದ ಹಾಗೇ ಆಯ್ತು.’

ಆ ವಾರವೆಲ್ಲ ಡಿಕ್ಷನರಿಯವರು ಬಾಗಿಲು ಮುಚ್ಚಿದ ಎದುರು ಮನೆಯನ್ನು ನೋಡದಿರಲು ತಲೆ ತಗ್ಗಿಸಿ ಓಡಾಡಿದರು. ಹೆಂಡತಿ ಅವರಿಗೆ ಊಟ ಬಡಿಸುತ್ತ ಒಂದೇ ಮಾತು ಕೇಳಿದಳು: ‘ಇಷ್ಟೆಲ್ಲ ಮಾಡಿದ ಮೇಲೂ ನಮ್ಮದು ಸಿಗದೆ ಹೋದ್ರೆ?’

‘ಸಿಗತ್ತೆ.’

‘ಯಾರು ಹೇಳಿದ್ರು?’

‘ಸಹಾನುಭೂತಿಯಿಂದ ನೋಡ್ತೀನಿ ಅಂದಿದಾರೆ.’

‘ಅದಕ್ಕೆ ಡಿಕ್ಷನರೀಲಿ ಏನು ಅರ್ಥ ಇದೆ, ಅದನ್ನೂ ಒಂದ್ಸಲ ನೋಡಿ’ ಎಂದು ಆಕೆ ತಟ್ಟೆ ಎತ್ತಿಕೊಂಡು ಹೋದಳು. ಇವರು ನೋಡಲಿಲ್ಲ. ಒಂದು ಪದದ ಅರ್ಥ ನೋಡಿ ಇಷ್ಟಾಗಿತ್ತು.

ನಿವೃತ್ತಿಗೆ ಐದು ದಿನ ಇರುವಾಗ ಆ ವಾರದ ತಿರಸ್ಕಾರದ ಪಟ್ಟಿ ಟೈಪಿಗೆ ಬಂತು. ಏಳು ಹೆಸರು. ಆರನ್ನು ಟೈಪ್ ಮಾಡಿದರು. ಏಳನೆಯದು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದ್ದ ಆ ಹೆಸರು. ಯಾರದೋ ಎಂದುಕೊಂಡೇ ಅರ್ಧ ಟೈಪ್ ಮಾಡಿ, ಆಮೇಲೆ ನಿಲ್ಲಿಸಿ, ಪಟ್ಟಿ ಹಿಡಿದು ಸಾಹೇಬರ ಕೋಣೆಗೆ ಹೋದರು.

ಸಾಹೇಬರು ಕನ್ನಡಕ ಒರೆಸಿಕೊಳ್ಳುತ್ತ, ‘ಸಹಾನುಭೂತಿಯಿಂದಲೇ ನೋಡಿದೆ ರೀ’ ಎಂದರು. ಸುಳ್ಳೆಂದು ಹೇಳುವಂತಿರಲಿಲ್ಲ, ಅವರ ಮುಖ ನಿಜವಾಗಿಯೂ ಬಾಡಿತ್ತು. ‘ಆದ್ರೆ ನಮ್ಮ ವಿಭಾಗದವರಿಗೇ ಕೊಟ್ಟರೆ ಆಡಿಟ್‌ನವರು ಬಿಡ್ತಾರಾ? ತಾಯಿ ಅಂತ ಬರೆದಿದೀರಿ. ತಾಯಿ ಎಲ್ಲರಿಗೂ ಇರ್ತಾರೆ. ಗೋಡೆಗೆ ಸರ್ಟಿಫಿಕೇಟ್ ಇಲ್ಲ.’

‘ಸರಿ ಸಾರ್.’

‘ಇನ್ನೊಂದು ವಿಷಯ. ವಿಷಾದ ಯಾರು ಮಾಡೋದು?’

ಬಾಗಿಲಲ್ಲಿ ನಿಂತಿದ್ದ ಟಪಾಲಣ್ಣ, ‘ನಾನು ಮಾಡ್ತೀನಿ ಬಿಡಿ ಸಾರ್. ನನಗೆ ತಾನಾಗೇ ಬರ್ತಿದೆ’ ಎಂದ.

‘ನೀನು ಜವಾನ. ಗುಮಾಸ್ತ ದರ್ಜೆಗೆ ಕಡಿಮೆಯಿರಬಾರದು.’

‘ಹಾಗಿದ್ರೆ ತಾವೇ ಬನ್ನಿ ಸಾರ್.’

ಸಾಹೇಬರಿಗೆ ಆ ದಿನ ಎರಡು ಮೀಟಿಂಗ್ ಇದ್ದವು. ವಿಭಾಗದಲ್ಲಿ ಇನ್ನೊಬ್ಬ ಗುಮಾಸ್ತನ ಹುದ್ದೆ ಒಂಬತ್ತು ವರ್ಷದಿಂದ ಖಾಲಿ. ಅರ್ಜಿದಾರನೇ ವಿಷಾದಿಸಬಾರದೆಂದು ಆದೇಶದಲ್ಲಿ ಎಲ್ಲಿಯೂ ಇರಲಿಲ್ಲ. ತನಗೆ ತಾನೇ ರುಜು ಹಾಕಿಕೊಳ್ಳುವಂತಿಲ್ಲ ಎಂದಷ್ಟೇ ಇತ್ತು. ಯಾರ ಕಾರಣಕ್ಕೆ ಅರ್ಜಿಯೋ ಅವರಿಂದ ರುಜು ಹಾಕಿಸುವುದೆಂದು ತೀರ್ಮಾನವಾಯಿತು. ಡಿಕ್ಷನರಿಯವರು ತಮ್ಮ ಪತ್ರವನ್ನು ಟೈಪ್ ಮಾಡಿ ಮುಗಿಸಿದರು. ಒಂದಕ್ಷರವೂ ತಪ್ಪಿರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಕಪ್ಪು ಕೋಟು ಸಾಲಿನ ತಿರುವಿನಲ್ಲಿ ಕಾಣಿಸಿತು. ಬಾಗಿಲುಗಳು ಮುಚ್ಚಿದವು. ಕಿಟಕಿಯ ಸಂದಿಯಿಂದ ನೋಡುತ್ತಿದ್ದ ದೊಡ್ಡಮ್ಮ, ಕೋಟು ತಮ್ಮ ಮನೆಯನ್ನು ದಾಟಿದ್ದಕ್ಕೆ ನಿಟ್ಟುಸಿರು ಬಿಟ್ಟು, ಅದು ಎಲ್ಲಿ ನಿಂತಿತೆಂದು ನೋಡಿ, ಮುಚ್ಚಿದ್ದ ಬಾಗಿಲನ್ನು ಮೆಲ್ಲಗೆ ತೆರೆದರು.

ಡಿಕ್ಷನರಿಯವರು ತಮ್ಮ ಮನೆಯ ಬಾಗಿಲನ್ನು ತಟ್ಟಿದರು. ಮೂವತ್ತು ವರ್ಷದಲ್ಲಿ ತಟ್ಟಿದ್ದು ಅದೇ ಮೊದಲು. ಹೆಂಡತಿ ತೆರೆದಳು. ಕೋಟನ್ನು ನೋಡಿದಳು, ಹಿಂದೆ ನಿಂತ ಟಪಾಲಣ್ಣನನ್ನು ನೋಡಿದಳು, ಅವನ ಕೈಯಲ್ಲಿದ್ದ ನಮೂನೆಯನ್ನು ನೋಡಿದಳು. ಸೆರಗಿನಿಂದ ಒಂದು ಕುರ್ಚಿ ಒರೆಸಿ ಮಂಚದ ಪಕ್ಕ ಇಟ್ಟು, ‘ಕೂತ್ಕೊಳ್ಳಿ’ ಎಂದು ಅಡುಗೆಮನೆಗೆ ಹೋದಳು. ಪಾತ್ರೆಯ ಸದ್ದು ಕೇಳಲಿಲ್ಲ.

‘ಯಾರಪ್ಪಾ?’ ಎಂದರು ತಾಯಿ.

ಅಮ್ಮಾ, ನಾನು ಎಂದು ಹೇಳಬೇಕೆಂದೇ ಅವರು ಬಾಯಿ ತೆರೆದದ್ದು. ಬಂದದ್ದು ಮೂರು ತಿಂಗಳು ಪಳಗಿದ ದನಿ: ‘ಆಫೀಸಿನಿಂದ ಬಂದಿದ್ದೇನೆ.’

‘ನಮ್ಮವನ ಆಫೀಸಾ? ಅವನಿನ್ನೂ ಬಂದಿಲ್ವಲ್ಲಪ್ಪ. ಕೂತಿದೀಯಾ?’

‘ಕೂತಿದೀನಿ.’

ಟಪಾಲಣ್ಣ ಗಡಿಯಾರ ನೋಡಿದ. ಶುರು ಮಾಡಿ ಎನ್ನಲಿಲ್ಲ. ಡಿಕ್ಷನರಿಯವರು ಪತ್ರ ಬಿಡಿಸಿ ಓದಿದರು. ಇಂಗ್ಲಿಷಿನಲ್ಲಿ ಮೊದಲು, ಆಮೇಲೆ ನಿಯಮದಂತೆ ಮನೆಯವರ ಭಾಷೆಯಲ್ಲಿ. ತಾಯಿ ಕೇಳಿದರು. ಕೇಳುತ್ತ ಅವರ ಎಡಗೈ ತಾನಾಗಿ ಗೋಡೆಯ ಮೇಲೆ ಹೋಗಿ ಕೂತಿತು.

‘ಅಂದ್ರೆ ಬಿಡಬೇಕು.’

‘ಹೌದು.’

‘ಯಾವಾಗ?’

‘ಮುಂದಿನ ತಿಂಗಳ ಕೊನೆಯೊಳಗೆ.’

ಮೂರನೇ ನಿಮಿಷ ಬಂತು. ಎಡಗಣ್ಣಿನ ಹನಿ ಬರಲಿಲ್ಲ. ನಾಲ್ಕನೆಯದಕ್ಕೆ ಬಲಗಣ್ಣೂ ಕೈಕೊಟ್ಟಿತು. ಯಾರ್ಯಾರ ಮನೆಯಲ್ಲೋ ಗಡಿಯಾರದ ಮುಳ್ಳಿಗೆ ಸರಿಯಾಗಿ ಕೆಲಸ ಮಾಡಿದ ಕಣ್ಣುಗಳು ಒಣಗಿ ಉರಿಯುತ್ತಿದ್ದವು.

‘ನಿನ್ನ ದನಿ ಯಾಕಪ್ಪ ಹಾಗಿದೆ? ನೆಗಡಿಯಾ?’ ಎಂದರು ತಾಯಿ. ‘ದಿನಾ ಇದೇ ಕೆಲಸಾನಾ ನಿಂದು?’

‘ಮೂರು ತಿಂಗಳಿಂದ.’

‘ಅಯ್ಯೋ ಪಾಪ. ಜನ ಬೈತಾರಾ?’

‘ಬಾಗಿಲು ಹಾಕ್ಕೋತಾರೆ.’

‘ಹಾಕ್ಕೊಳ್ಳಲಿ ಬಿಡು. ಮನೇಲಿ ತಾಯಿ ಇದಾರಾ?’

‘ಇದಾರೆ.’

‘ಅವರ ಮುಂದೆ ಈ ದನೀಲಿ ಮಾತಾಡ್ಬೇಡ ಮತ್ತೆ. ಹೆದರ್ಕೋತಾರೆ.’ ಅವರು ಕೈ ಚಾಚಿದರು. ಕೋಟಿನ ತೋಳು ಸಿಕ್ಕಿತು. ಅದನ್ನು ಮೇಲಿನಿಂದ ಕೆಳಗೆ ಒಂದು ಸಲ ಸವರಿ, ಗೋಡೆಯ ಮೇಲೆ ಕೈಯಿಡುವ ರೀತಿಯಲ್ಲೇ ಅಲ್ಲಿ ಕೈಯಿಟ್ಟುಕೊಂಡು ಕೂತರು. ‘ನೋಡಪ್ಪ, ನನ್ನದೊಂದು ಉಪಕಾರ ಮಾಡು. ಈ ವಿಷಯ ನನ್ನ ಮಗನಿಗೆ ಹೇಳ್ಬೇಡ.’

ಡಿಕ್ಷನರಿಯವರು ಆ ತೋಳನ್ನು ಅಲ್ಲಾಡಿಸದೆ ಪತ್ರವನ್ನು ತೊಡೆಯ ಮೇಲಿಟ್ಟರು.

‘ಅವನು ಸಿಗತ್ತೆ ಸಿಗತ್ತೆ ಅಂತಿದಾನೆ. ಆಫೀಸಲ್ಲಿ ಅವನ ಮಾತಿಗೆ ಬೆಲೆ ಇದೆ ಅಂತ ಅಂದ್ಕೊಂಡಿದಾನೆ, ಇಂಗ್ಲಿಷ್ ಚೆನ್ನಾಗಿ ಬರತ್ತಲ್ಲ. ಈ ಗೋಡೆ ಬಿಟ್ರೆ ನಾನು ಬಿದ್ದುಹೋಗ್ತೀನಿ ಅಂತ ಅವನಿಗೆ ಭಯ. ನನಗೂ ಭಯಾನೇ. ಇನ್ನೂ ದಿನ ಇದೆಯಲ್ಲ, ಮೆಲ್ಲಗೆ ಅಭ್ಯಾಸ ಮಾಡ್ಕೋತೀನಿ. ಆಮೇಲೆ ಅವನಿಗೆ ತಾನಾಗೇ ಗೊತ್ತಾಗಲಿ. ಎಲ್ಲಿ ಹಾಕ್ಬೇಕು ರುಜು?’

ಟಪಾಲಣ್ಣ ನಮೂನೆ ಹಿಡಿದ. ತಾಯಿಯ ಬೆರಳಿಗೆ ಪೆನ್ನು ಕೊಟ್ಟು, ಕೈ ಹಿಡಿದು ಜಾಗ ತೋರಿಸಬೇಕಾದವರು ಡಿಕ್ಷನರಿಯವರು. ತೋರಿಸಿದರು. ಅವರ ಕೈ ಅಲ್ಲಿಂದ ಏಳಲಿಲ್ಲ. ಐದು ನಿಮಿಷ ಯಾವಾಗಲೋ ಆಗಿತ್ತು. ಟಪಾಲಣ್ಣನಿಗೆ ಕೆಮ್ಮು ಬರಲಿಲ್ಲ.

ಸಾಕ್ಷಿಯ ಕಲಮಿನಲ್ಲಿ ಅವನು ಆಮೇಲೆ ಬರೆದ: ‘ಶುರು ಮೂರು ಗಂಟೆ ನಾಲ್ಕು ನಿಮಿಷ. ಮುಕ್ತಾಯ ಮೂರು ಇಪ್ಪತ್ತೆಂಟು. ಶಬ್ದರಹಿತ.’ ಸಾಹೇಬರು ಅವಧಿ ಮೀರಿದ್ದಕ್ಕೆ ವಿವರಣೆ ಕೇಳಿ ವಾಪಸು ಕಳಿಸಿದರು. ಅದಕ್ಕೆ ಉತ್ತರ ಇನ್ನೂ ಹೋಗಿಲ್ಲ.

ಆ ಸಂಜೆ ಡಿಕ್ಷನರಿಯವರು ಎಂದಿನ ಹೊತ್ತಿಗೆ ಮನೆಗೆ ಬಂದರು. ಕೋಟನ್ನು ಆಫೀಸಿನ ಮೊಳೆಗೆ ನೇತುಹಾಕಿ, ಚಪ್ಪಲಿ ಸದ್ದು ಮಾಡಿಕೊಂಡು ಬಂದು, ಬಾಗಿಲು ತಟ್ಟದೆ ಒಳಗೆ ಕಾಲಿಟ್ಟರು.

ತಾಯಿ ನಡುಮನೆಯ ಮಧ್ಯದಲ್ಲಿ ನಿಂತಿದ್ದರು. ಗೋಡೆ ಅವರಿಂದ ನಾಲ್ಕು ಮೊಳ ದೂರದಲ್ಲಿತ್ತು. ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಗದ್ದ ಮೇಲೆತ್ತಿ, ಒಂದು ಹೆಜ್ಜೆ ಇಟ್ಟು ನಿಂತು ಇನ್ನೊಂದನ್ನು ಯೋಚಿಸುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

‘ಬಂದೆಯೇನೋ?’ ಎಂದರು ತಾಯಿ.

‘ಬಂದೆನಮ್ಮ.’ ದನಿ ಅವರದೇ ಇತ್ತು. ‘ಏನು ಮಾಡ್ತಿದೀಯ ಅಲ್ಲಿ?’

‘ಏನಿಲ್ಲ. ಕೂತೂ ಕೂತೂ ಕಾಲು ಜೋಮು ಹಿಡೀತು.’

‘ಯಾರಾದ್ರೂ ಬಂದಿದ್ರಾ?’

‘ಯಾರೋ ಒಬ್ಬ ವಿಳಾಸ ತಪ್ಪಿ ಬಂದಿದ್ದ. ಕಳಿಸ್ಬಿಟ್ಟೆ’ ಎಂದು ತಾಯಿ ಇನ್ನೊಂದು ಹೆಜ್ಜೆ ಎತ್ತಿದರು.

ಆ ಹೆಜ್ಜೆಯ ದಾರಿಯಲ್ಲಿ, ಮಧ್ಯಾಹ್ನ ಒರೆಸಿಟ್ಟ ಕುರ್ಚಿ ಹಾಗೆಯೇ ಇತ್ತು. ಡಿಕ್ಷನರಿಯವರು ಚಪ್ಪಲಿ ಕಳಚಿ, ಸದ್ದಾಗದಂತೆ ಹೋಗಿ, ಅದನ್ನು ಎತ್ತಿ ಪಕ್ಕಕ್ಕೆ ಹಿಡಿದುಕೊಂಡು ನಿಂತರು. ತಾಯಿ ಅವರ ಮುಂದೆಯೇ ದಾಟಿ, ಬರಿಗಾಳಿಯಲ್ಲಿ, ಎಣಿಸುತ್ತ ನಡೆದರು.